ಇಟ್ಟಿಗೆಗೆ ಗೋಡೆಯ ಭಯ

ನೆಂಟರೊಟ್ಟಿಗೆ ಬದುಕಬೇಕಾದರೆ ಮರೆಯಲು ಕಲಿಯಬೇಕು ಎನ್ನುವುದು ನನ್ನ ಅಮ್ಮನ ಲೆಕ್ಕ. ಆ ವಿದ್ಯೆ ಅಮ್ಮನಿಗೆ ಧಾರಾಳವಾಗಿ ಉಂಟು. ನನಗೆ ಚೂರೂ ಬಂದಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಆದ ಒಂದು ಅವಮಾನವನ್ನು ನಾನು ದೊಡ್ಡವಳಾಗುವವರೆಗೆ, ಮದುವೆಯಾಗಿ ಮಗಳನ್ನು ಹೆತ್ತ ಮೇಲೂ, ಹೊಟ್ಟೆಯೊಳಗೆ ಇಟ್ಟುಕೊಂಡು ಸಾಕಿದ್ದೇನೆ. ಅದನ್ನು ತೀರಿಸಿಕೊಂಡ ದಿನ ನನಗೆ ಪಶ್ಚಾತ್ತಾಪ ಆಗಲಿಲ್ಲ. ಕೊನೆಯಲ್ಲಿ ನಾನು ಮಾವನ ಕಾಲು ಹಿಡಿದು ಅಳುತ್ತೇನೆ ಎಂದು ಕಾಯುವವರು ಇಲ್ಲಿಯೇ ಓದು ನಿಲ್ಲಿಸಬಹುದು.

ಮಾವ ಎಂದರೆ ಅಮ್ಮನ ಅಣ್ಣ. ನಮ್ಮ ಕಡೆಯ ಮನೆಗಳಲ್ಲಿ ಅಪ್ಪನ ಮಾತಿಗಿಂತ ಸೋದರಮಾವನ ಮಾತಿಗೆ ತೂಕ ಹೆಚ್ಚು. ನನ್ನ ಅಪ್ಪನಂತೂ ಮಸ್ಕತ್ತಿನಲ್ಲಿದ್ದರು, ಫೋನಿನಲ್ಲಿ ಮಾತ್ರ ಸಿಗುತ್ತಿದ್ದರು. ಅಮ್ಮ ಮತ್ತು ನಾನು ಪುತ್ತಿಗೆಯಲ್ಲಿ ಮಾವನ ಮನೆಯಲ್ಲಿಯೇ ಇದ್ದೆವು. ಮಾವನಿಗೆ ಬಿ.ಸಿ.ರೋಡಿನಲ್ಲಿ ಪಂಪ್‌ಸೆಟ್ಟಿನ ಅಂಗಡಿ. ದಿನಾ ಬೆಳಿಗ್ಗೆ ಸಿದ್ಧಕಟ್ಟೆ ದಾರಿಯಾಗಿ ಸ್ಕೂಟರಿನಲ್ಲಿ ಹೋಗಿ ಕತ್ತಲಾಗುವಾಗ ಬರುತ್ತಿದ್ದರು. ಅಂಗಡಿ ಅವರ ಹೊಟ್ಟೆಪಾಡು. ಪ್ರಾಣ ಇದ್ದದ್ದು ತಾಳಮದ್ದಳೆಯಲ್ಲಿ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪುರಾಣದ ಒಂದು ಪದ ಹಾಡುತ್ತಾರೆ. ಪಂಚೆ, ಶಾಲು ಹಾಕಿ ಕುರ್ಚಿಯಲ್ಲಿ ಕೂತವರು ಒಬ್ಬ ಅರಸನಾಗಿ, ಇನ್ನೊಬ್ಬ ಅವನ ಶತ್ರುವಾಗಿ ಆ ಪದದ ಅರ್ಥವನ್ನು ಮಾತಿನಲ್ಲಿ ಬೆಳೆಸುತ್ತಾರೆ. ಮಾತು ಮೊದಲೇ ಬರೆದದ್ದಲ್ಲ. ಎದುರಿನವನು ಏನು ಹೇಳುತ್ತಾನೋ ಅದನ್ನು ಎತ್ತಿಕೊಂಡು ಉತ್ತರ ಕೊಡಬೇಕು, ಕೇಳಿಸದ ಹಾಗೆ ಕೂರುವಂತಿಲ್ಲ. ಪಾತ್ರ ಬಿಟ್ಟು ಸ್ವಂತ ಮನುಷ್ಯನಾಗಿ ಬಾಯಿ ತೆರೆದರೆ ಮರ್ಯಾದೆ ಹೋದ ಹಾಗೆ. ಮಾವನಿಗೆ ಇದರಲ್ಲಿ ದೊಡ್ಡ ಹೆಸರಿತ್ತು. ಅವರೆದುರು ಕೂರಲು ಜನ ಹೆದರುತ್ತಿದ್ದರು. ಯಾವ ಮಾತಿಗೂ ಅರ್ಥ ಹುಟ್ಟಿಸಬಲ್ಲವರು ಎಂದು ಹೊಗಳುತ್ತಿದ್ದರು. ಅದೇ ಮಾವ ಮನೆಯಲ್ಲಿ ಅರ್ಥ ಇಲ್ಲದ ಒಂದು ಮಾತನ್ನೂ ಸಹಿಸುತ್ತಿರಲಿಲ್ಲ. ಇಷ್ಟು ಸಿಟ್ಟಿದ್ದರೂ ಅವರ ಬಗ್ಗೆ ಬರೆಯುವಾಗ ಬಹುವಚನ ಬಿಡಲು ನನಗೆ ಬರುವುದಿಲ್ಲ. ಅಷ್ಟು ಮಟ್ಟಿಗೆ ನನ್ನನ್ನು ಸರಿಯಾಗಿ ಬೆಳೆಸಿದ್ದಾರೆ.

ಟಿವಿ ಮಾವನದ್ದು, ರಿಮೋಟು ಮಾವನ ಬನಿಯನ್ನಿನ ಅಡಿಯಲ್ಲಿ ಸೊಂಟಕ್ಕೆ ಸಿಕ್ಕಿಸಿದ್ದು. ವಾರದ ದಿನಗಳಲ್ಲಿ ಅವರು ಅಂಗಡಿಯಲ್ಲಿ ಇರುವುದರಿಂದ ತೊಂದರೆ ಇರಲಿಲ್ಲ. ಆದರೆ ನನಗೆ ಬೇಕಾದ ಕಾರ್ಟೂನು ಬರುತ್ತಿದ್ದದ್ದು ಭಾನುವಾರ ಬೆಳಿಗ್ಗೆ, ಮಾವ ಮನೆಯಲ್ಲಿ ಕಾಲು ಚಾಚಿ ಕೂತಿರುವ ಹೊತ್ತಿಗೆ.

ಆ ಕಾರ್ಟೂನನ್ನು ನಮ್ಮ ಶಾಲೆಯಲ್ಲಿ ನನ್ನನ್ನು ಬಿಟ್ಟು ಯಾರೂ ನೋಡುತ್ತಿರಲಿಲ್ಲ. ಬೇರೆ ಮಕ್ಕಳಿಗೆ ಬೆನ್ನಟ್ಟುವುದು, ಹೊಡೆಯುವುದು, ಬೀಳುವುದು ಇರಬೇಕಿತ್ತು. ಇದರಲ್ಲಿ ಅಂಥದ್ದು ಏನೂ ಇರಲಿಲ್ಲ. ಇದರಲ್ಲಿ ಒಂದು ಇಟ್ಟಿಗೆ. ಅದಕ್ಕೆ ಗೋಡೆ ಕಂಡರೆ ಭಯ. ಊರಿನ ಪೊಲೀಸ್ ಒಂದು ಬೇಯಿಸಿದ ಮೊಟ್ಟೆ, ಸಿಪ್ಪೆ ಸುಲಿದದ್ದು, ಟೊಪ್ಪಿ ನಿಲ್ಲದೆ ಜಾರುತ್ತಲೇ ಇರುತ್ತದೆ. ಮೊಟ್ಟೆ ಬಂದು ಇಟ್ಟಿಗೆಯನ್ನು ನಿನ್ನ ಹೆಸರೇನು ಎಂದು ಗದರಿಸಿದರೆ ಇಟ್ಟಿಗೆ ತುಂಬ ವಿನಯದಿಂದ, ನಿನ್ನೆ ಮಧ್ಯಾಹ್ನ ಬಹಳ ಸೆಕೆ ಇತ್ತು ಎನ್ನುತ್ತದೆ. ಮೊಟ್ಟೆ ಅದನ್ನು ಗಂಭೀರವಾಗಿ ಕೇಳಿ, ಸರಿ, ಹೋಗಬಹುದು ಎನ್ನುತ್ತದೆ. ಇಷ್ಟೇ. ಮಾತೆಲ್ಲ ಹಿಂದಿಯಲ್ಲಿ. ನನಗೆ ಅರ್ಧ ತಿಳಿಯುತ್ತಿರಲಿಲ್ಲ, ತಿಳಿದ ಅರ್ಧಕ್ಕೆ ತಲೆಬುಡ ಇರಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಮ್ಮ ಊರಲ್ಲಿ ಮನೆ ಕಟ್ಟುವುದು ಕೆಂಪುಕಲ್ಲಿನಲ್ಲಿ, ಇಟ್ಟಿಗೆಯನ್ನು ನಾನು ಸರಿಯಾಗಿ ನೋಡಿದ್ದೂ ಕಡಿಮೆ. ಹಾಗಾಗಿ ಅದು ನನಗೆ ಪರದೇಶದಿಂದ ಬಂದ, ಯಾರೂ ಸ್ನೇಹಿತರಿಲ್ಲದ ಪ್ರಾಣಿಯ ಹಾಗೆ ಕಾಣುತ್ತಿತ್ತು.

ಮಾವ ಅದನ್ನು ನೋಡಲು ಬಿಡುತ್ತಿದ್ದರು, ಪೂರ್ತಿ ಮಾತ್ರ ಬಿಡುತ್ತಿರಲಿಲ್ಲ. ಕೊನೆಯ ಘಟ್ಟ ಬರುವಾಗ ರಿಮೋಟು ಒತ್ತುತ್ತಿದ್ದರು. ಪರದೆ ಕಪ್ಪಾಗುತ್ತಿತ್ತು. ಇದುವರೆಗೆ ನೋಡಿದ್ದರ ಅರ್ಥ ಏನು ಹೇಳು, ಮತ್ತೆ ಹಾಕುತ್ತೇನೆ ಎನ್ನುತ್ತಿದ್ದರು. ನಾನು ಏನು ಹೇಳಲಿ? ಮಾವ, ಇಟ್ಟಿಗೆಗೆ ಹೆದರಿಕೆ ಎನ್ನುತ್ತಿದ್ದೆ. ಅದು ಕಥೆ ಆಯಿತು, ಅರ್ಥ ಎಲ್ಲಿ ಎನ್ನುತ್ತಿದ್ದರು. ನಾನು ಯೋಚಿಸುವಷ್ಟರಲ್ಲಿ ಕಾರ್ಟೂನು ಮುಗಿದಿರುತ್ತಿತ್ತು. ಅವರಿಗೆ ಅದು ತಮಾಷೆ. ನನಗೆ ವಾರವಿಡೀ ಕಾದದ್ದು ಮಣ್ಣುಪಾಲು.

ಒಂದು ಭಾನುವಾರ ಇಟ್ಟಿಗೆಯನ್ನು ಯಾರೋ ಎತ್ತಿಕೊಂಡು ಹೋಗಿ ಗೋಡೆಗೆ ಇಟ್ಟು ಕಟ್ಟಿಯೇ ಬಿಟ್ಟರು. ನಾಲ್ಕೂ ಕಡೆಯಿಂದ ಗಾರೆ. ಇಟ್ಟಿಗೆಯ ಕಣ್ಣು ಮಾತ್ರ ಕಾಣುತ್ತಿತ್ತು. ಅದು ಏನೋ ಹೇಳಲು ಬಾಯಿ ತೆರೆಯುವಾಗ ಮಾವ ಟಿವಿ ಬಂದ್ ಮಾಡಿದರು. ನಾನು ಅತ್ತೆ. ಮಾವನ ಎದುರು ಹಾಗೆ ಜೋರಾಗಿ ಅತ್ತದ್ದು ಅದೇ ಮೊದಲು. ಅವರು ನನ್ನನ್ನು ಒಂದು ಗಳಿಗೆ ನೋಡಿದರು, ಆಮೇಲೆ ನಕ್ಕರು. ಟಿವಿ ಹಾಕಲಿಲ್ಲ.

ಆ ವಾರ ಮೂಡಬಿದ್ರಿಯಲ್ಲಿ ಅವರ ತಾಳಮದ್ದಳೆ ಇತ್ತು. ಅಮ್ಮ ನನಗೆ ಹೊಸ ಫ್ರಾಕು ಹಾಕಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮಾವನ ಎದುರು ಕೂತವರು ಯಾವುದೋ ಪ್ರಶ್ನೆ ಹಾಕಿದರು. ಮಾವ ಅರಸನ ಗತ್ತಿನಲ್ಲಿಯೇ, ಪಾತ್ರ ಒಂದಿಷ್ಟೂ ಬಿಡದೆ, ನಮ್ಮ ಅರಮನೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಇಟ್ಟಿಗೆಯನ್ನು ಗೋಡೆಗೆ ಇಟ್ಟರೆಂದು ಊಟ ಬಿಟ್ಟು ಅಳುತ್ತಾಳೆ, ಅವಳಿಗಾದರೂ ಮುಂದೆ ಬುದ್ಧಿ ಬಂದೀತು, ನಿನಗೆ ಬರುವ ಲಕ್ಷಣ ಕಾಣುವುದಿಲ್ಲ ಎಂದರು. ಹೇಳುವಾಗ ಕೈಯನ್ನು ನನ್ನ ಕಡೆಗೆ ಚಾಚಿದ್ದರು. ಸಭೆ ಪೂರ್ತಿ ತಿರುಗಿ ನನ್ನ ಫ್ರಾಕನ್ನು ನೋಡಿ ನಕ್ಕಿತು. ಅಮ್ಮನೂ ನಕ್ಕರು. ಮರುದಿನ ಶಾಲೆಯಲ್ಲಿ ನನ್ನ ಹೆಸರು ಹೋಗಿ ಇಟ್ಟಿಗೆ ಎಂದಾಯಿತು. ಬಸ್ಸಿನ ಕಂಡಕ್ಟರ್ ಇಟ್ಟಿಗೆ ಇಳಿಯಲಿಕ್ಕುಂಟು ಎಂದು ಸೀಟಿ ಹೊಡೆಯುತ್ತಿದ್ದ. ಕಾಲೇಜಿಗೆ ಹೋದರೆ ಪುತ್ತಿಗೆಯ ಹುಡುಗಿಯರು ಆ ಹೆಸರನ್ನೂ ಒಟ್ಟಿಗೆ ತಂದಿದ್ದರು. ಮದುವೆಯ ಹಾಲಿನಲ್ಲಿ ಗಂಡನ ಕಡೆಯವರಿಗೆ ಮಾವನೇ ಈ ಕಥೆ ಹೇಳಿ ನಗಿಸಿದರು. ನಾನು ಧಾರೆ ಸೀರೆ ಉಟ್ಟು ನಿಂತು, ಬಾಯಿ ಮುಚ್ಚಿಕೊಂಡು, ಇನ್ನು ಎಷ್ಟು ವರ್ಷ ಬದುಕುತ್ತೀರಿ ನೋಡುವ ಎಂದುಕೊಂಡೆ.

ಮದುವೆಯ ನಂತರ ಬೆಳ್ತಂಗಡಿಗೆ ಬಂದೆ. ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಇಲ್ಲಿ ಯಾರಿಗೂ ಇಟ್ಟಿಗೆಯ ಸುದ್ದಿ ಗೊತ್ತಿರಲಿಲ್ಲ. ಮಗಳು ಹುಟ್ಟಿದಳು, ಬೆಳೆದಳು, ಮಾತಾಡಲು ಕಲಿತ ಮೇಲೆ ಬಾಯಿ ಮುಚ್ಚಲೇ ಇಲ್ಲ. ಅವಳಿಗೆ ಇಷ್ಟವಾದ ಕಾರ್ಟೂನು ಕನ್ನಡದಲ್ಲಿಯೇ ಬರುತ್ತದೆ. ಅದರಲ್ಲಿ ಒಂದು ಕೊಡೆ, ಮಳೆ ಬಂದ ಕೂಡಲೇ ಒಳಗೆ ಓಡುತ್ತದೆ, ಏಕೆಂದರೆ ನೆನೆದರೆ ಅದಕ್ಕೆ ಶೀತ ಆಗುತ್ತದೆ. ಡಾಕ್ಟರು ಒಂದು ಚಪ್ಪಲಿ, ಎಡಗಾಲಿನದ್ದು. ಬಲಗಾಲಿನದ್ದು ಪರದೇಶದಲ್ಲಿ ಓದುತ್ತಿದೆ. ಮಗಳು ಇದನ್ನೆಲ್ಲ ಊಟದ ಹೊತ್ತಿಗೆ ನನಗೆ ವರದಿ ಒಪ್ಪಿಸುತ್ತಿದ್ದಳು. ಅರ್ಧ ವಾಕ್ಯಕ್ಕೆ ನಗು ಬಂದು ಅನ್ನ ಮೂಗಿಗೆ ಹತ್ತುತ್ತಿತ್ತು. ಆ ನಗು ನೋಡಿದಾಗ ನಾನು ಹೊಟ್ಟೆಯೊಳಗೆ ಸಾಕಿದ್ದ ಸಿಟ್ಟು ಸ್ವಲ್ಪ ಮಲಗುತ್ತಿತ್ತು.

ಅವಳಿಗೆ ಆರು ವರ್ಷವಾದಾಗ ಪುತ್ತಿಗೆಯ ಮನೆಯಲ್ಲಿ ಒಂದು ಊಟ. ನೆಂಟರೆಲ್ಲ ಸೇರಿದ್ದರು. ಮಗಳು ಅಜ್ಜನಿಗೆ, ಅಂದರೆ ನನ್ನ ಮಾವನಿಗೆ, ಕೊಡೆಯ ಕಥೆ ಹೇಳಲು ಹೋದಳು. ನಾನು ಅಡುಗೆಮನೆಯಲ್ಲಿದ್ದೆ. ಹೊರಗೆ ನಗು ಕೇಳಿ ಓಡಿ ಬಂದೆ. ಅವಳು ನಡುಮನೆಯಲ್ಲಿ ನಿಂತಿದ್ದಾಳೆ. ಮಾವ ಅರ್ಥ ಏನು, ಅರ್ಥ ಏನು ಎಂದು ಕೇಳುತ್ತಿದ್ದಾರೆ. ಅವಳು ಕೊಡೆಗೆ ಶೀತ ಎನ್ನುತ್ತಾಳೆ. ಪ್ರತಿ ಸಲ ಹೇಳುವಾಗಲೂ ಸ್ವರ ಸಣ್ಣದಾಗುತ್ತ ಉಂಟು. ಕೊನೆಗೆ ಮಾವ ಕುರ್ಚಿಗೆ ಒರಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ತಾಯಿ ಇಟ್ಟಿಗೆ, ಮಗಳು ಸಣ್ಣ ಇಟ್ಟಿಗೆ."

ಅಲ್ಲಿದ್ದ ಮಕ್ಕಳು ಸಣ್ಣ ಇಟ್ಟಿಗೆ, ಸಣ್ಣ ಇಟ್ಟಿಗೆ ಎಂದು ಅಂಗಳದಲ್ಲಿ ಅವಳನ್ನು ಓಡಿಸಿದರು. ಮನೆಗೆ ಬಂದ ಮೇಲೆ ಅವಳು ಕಾರ್ಟೂನು ನೋಡುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಒಳ್ಳೆಯದಿತ್ತು. ನೋಡುತ್ತಿದ್ದಳು, ನಗು ಬರುವ ಜಾಗ ಬಂದಾಗ ಮೊದಲು ಬಾಗಿಲ ಕಡೆ ತಿರುಗಿ ಯಾರಾದರೂ ಇದ್ದಾರೋ ಎಂದು ನೋಡುತ್ತಿದ್ದಳು. ಅಷ್ಟರಲ್ಲಿ ನಗುವ ಜಾಗ ದಾಟಿ ಹೋಗಿರುತ್ತಿತ್ತು. ಊಟದ ಹೊತ್ತಿನ ವರದಿಯೂ ನಿಂತಿತು. ಕೊಡೆ ಹೇಗಿದೆ ಎಂದು ನಾನೇ ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದಳು. ನನಗೆ ಆದದ್ದನ್ನು ನಾನು ಹೇಗೋ ನುಂಗಿದ್ದೆ. ಇದನ್ನು ನುಂಗಲು ಸಾಧ್ಯವೇ ಇರಲಿಲ್ಲ. ಮಗಳ ನಗು ವಾಪಸು ಬೇಕು, ಮಾವನ ಮುಖ ಸಭೆಯಲ್ಲಿ ಸಪ್ಪೆಯಾಗಬೇಕು. ಎರಡರಲ್ಲಿ ಯಾವುದು ಹೆಚ್ಚು ಬೇಕಿತ್ತು ಎಂದು ಕೇಳಿದರೆ ಆಗ ಹೇಳಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಮೂಡಬಿದ್ರಿಯಲ್ಲಿ ಒಬ್ಬರು ಭಾಗವತರು ಹೆಂಗಸರಿಗೆ ತಾಳಮದ್ದಳೆ ಕಲಿಸುತ್ತಾರೆ. ಮಾವನಿಗೂ ಹಾಡುವವರು ಅವರೇ. ಭಾನುವಾರ ವೇಣೂರು ದಾರಿಯ ಬಸ್ಸು ಹಿಡಿದು ನಾನು ಅಲ್ಲಿಗೆ ಹೋಗಲು ಸುರು ಮಾಡಿದೆ. ಅಮ್ಮನಿಗೆ ಸಂತೋಷ, ಅಣ್ಣನ ಕಲೆ ಸೋದರಸೊಸೆಗೆ ಬಂತು ಎಂದು ಊರೆಲ್ಲ ಹೇಳಿದರು. ಪುರಾಣ ಓದಿದೆ, ಪದ ಬಾಯಿಪಾಠ ಮಾಡಿದೆ, ಹಳೆಗನ್ನಡದ ಗತ್ತು ಕಲಿತೆ. ಅದು ಎಲ್ಲರೂ ಕಲಿಯುವ ಪಾಠ. ನನ್ನ ನಿಜವಾದ ಪಾಠ ನಡೆಯುತ್ತಿದ್ದದ್ದು ಬಸ್ಸಿನಲ್ಲಿ, ಕಿವಿಗೆ ಇಯರ್‌ಫೋನು ಹಾಕಿ ಮೊಬೈಲಿನಲ್ಲಿ. ಆ ಇಟ್ಟಿಗೆಯ ಕಾರ್ಟೂನು ಯಾರೋ ಪುಣ್ಯಾತ್ಮರು ಹಾಕಿದ್ದು ಸಿಕ್ಕಿತ್ತು. ಒಂದೊಂದನ್ನೂ ಮತ್ತೆ ಮತ್ತೆ ನೋಡಿದೆ, ಮಕ್ಕಳು ನೋಡುವ ಹಾಗಲ್ಲ, ಮಾವ ಪುರಾಣ ನೋಡುವ ಹಾಗೆ.

ನೋಡುತ್ತ ಹೋದಂತೆ ಒಂದು ವಿಷಯ ಗೊತ್ತಾಯಿತು. ಅಸಂಬದ್ಧಕ್ಕೂ ಶಿಸ್ತು ಉಂಟು. ಆ ಊರಿನಲ್ಲಿ ಯಾರೂ, ಎಂದೂ, ಇದು ವಿಚಿತ್ರ ಎಂದು ಹೇಳುವುದಿಲ್ಲ. ಇಟ್ಟಿಗೆ ತಮಾಷೆ ಮಾಡುತ್ತಿಲ್ಲ, ಅದಕ್ಕೆ ನಿಜವಾಗಿ ಭಯ. ಮೊಟ್ಟೆ ನಿಜವಾಗಿ ಪೊಲೀಸು. ಯಾರಾದರೂ ಒಬ್ಬರು ನಗು ತೋರಿಸಿದರೂ ಇಡೀ ಊರು ಬಿದ್ದುಹೋಗುತ್ತದೆ. ಗಂಭೀರವಾಗಿ ಇದ್ದಷ್ಟು ಹೊತ್ತು ಮಾತ್ರ ಅದು ನಿಲ್ಲುತ್ತದೆ. ಇನ್ನೊಂದು ವಿಷಯ, ಅರ್ಥ ಹುಡುಕುವವನು ಬಂದರೆ ಆ ಊರಿನವರು ಅವನನ್ನು ತಡೆಯುವುದಿಲ್ಲ. ಬನ್ನಿ ಎಂದು ಕರೆದು ಕೂರಿಸಿ, ಅವನು ಕೊಟ್ಟ ಅರ್ಥವನ್ನು ಕೈಮುಗಿದು ತೆಗೆದುಕೊಂಡು, ಅದರಿಂದ ಇನ್ನೂ ಅರ್ಥವಿಲ್ಲದ ಒಂದು ಪ್ರಶ್ನೆ ಮಾಡಿ ವಾಪಸು ಕೊಡುತ್ತಾರೆ. ಬಸ್ಸು ವೇಣೂರು ದಾಟುವಾಗ ಇದು ಹೊಳೆಯಿತು. ಪಕ್ಕದಲ್ಲಿ ಕೂತ ಹೆಂಗಸು ನನ್ನ ಮುಖ ನೋಡಿ ಸ್ವಲ್ಪ ಸರಿದು ಕೂತರು.

ಮಾವ ಬಂದ್ ಮಾಡಿದ ಆ ಭಾನುವಾರದ ಕಂತೂ ಸಿಕ್ಕಿತು. ಗೋಡೆಯೊಳಗೆ ಸೇರಿದ ಇಟ್ಟಿಗೆಗೆ ಗೋಡೆ ಕಾಣುವುದಿಲ್ಲ, ಯಾಕೆಂದರೆ ಈಗ ತಾನೇ ಗೋಡೆ. ಹಾಗಾಗಿ ಭಯ ಹೋಯಿತು. ಆದರೆ ಎದುರಿಗೆ ಬಯಲು ಕಾಣುತ್ತದೆ. ಈಗ ಬಯಲಿನ ಭಯ. ಅಷ್ಟಕ್ಕೆ ಮುಗಿಯುತ್ತದೆ. ಒಂಬತ್ತು ವರ್ಷದ ಹುಡುಗಿ ಅದನ್ನು ನೋಡಿದ್ದರೆ ಕಣ್ಣೀರು ಒರೆಸಿಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಅರ್ಧ ನಿಮಿಷದ ವಿಷಯ. ಅಷ್ಟನ್ನೂ ಬಿಡಲಿಲ್ಲ ಆ ಮನುಷ್ಯ.

ಫರಂಗಿಪೇಟೆಯ ಹತ್ತಿರ ಒಂದು ಭಜನಾ ಮಂದಿರದ ವಾರ್ಷಿಕೋತ್ಸವಕ್ಕೆ ಮಧ್ಯಾಹ್ನದ ತಾಳಮದ್ದಳೆ ಎಂದು ಗೊತ್ತಾದಾಗ, ಮಾವನ ಎದುರು ನನ್ನನ್ನು ಕೂರಿಸಿದರೆ ಜನ ಬಂದಾರು ಎಂದು ಭಾಗವತರ ಕಿವಿಗೆ ಹಾಕಿದೆ. ಅವರು ನನ್ನನ್ನು ಒಂದು ಥರ ನೋಡಿದರು, ಆದರೆ ಆಗಲಿ ಎಂದರು. ಮಾವ ಹಿರಿಹಿರಿ ಹಿಗ್ಗಿದರು. ಬಿ.ಸಿ.ರೋಡಿನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ತಂಗಿಯ ಮಗಳು ನನ್ನೆದುರು ಕೂರುತ್ತಾಳೆ, ಬನ್ನಿ ಎಂದು ಹೇಳಿಕೆ ಮಾಡಿದರು. ನನಗೆ ಅದಕ್ಕಿಂತ ಒಳ್ಳೆಯ ಪ್ರಚಾರ ಬೇಕಿರಲಿಲ್ಲ.

ಪ್ರಸಂಗದ ಹೆಸರು ಹೇಳಿದರೆ ನಮ್ಮ ಕಡೆಯವರು ಆ ದಿನವನ್ನು ಗುರುತು ಹಿಡಿದಾರು, ಬಿಡುವ. ಮಾವ ಅರಸ. ನಾನು ಶತ್ರುಪಕ್ಷದ ದೂತ. ಮಂದಿರ ತುಂಬಿ ಹೊರಗೆ ಶಾಮಿಯಾನದ ಅಡಿಯಲ್ಲೂ ಜನ. ಪುತ್ತಿಗೆಯಿಂದ ಎರಡು ಜೀಪು ಬಂದಿತ್ತು. ಅಮ್ಮ ಮತ್ತು ಮಗಳು ಮುಂದಿನ ಸಾಲಿನಲ್ಲಿ. ಮಗಳನ್ನು ಕರೆದುಕೊಂಡು ಬಾ ಎಂದು ಅಮ್ಮನಿಗೆ ನಾನೇ ಹೇಳಿದ್ದೆ.

ಸುರುವಿನ ಪದಗಳಿಗೆ ನಾನು ಕಲಿತದ್ದನ್ನು ಕಲಿತ ಹಾಗೆ ಹೇಳಿದೆ. ಮಾವ ದೊಡ್ಡ ಮನಸ್ಸಿನಿಂದ ನನ್ನನ್ನು ಬೆಳೆಯಲು ಬಿಟ್ಟರು, ಎಡವಿದಲ್ಲಿ ಎತ್ತಿಕೊಟ್ಟರು. ಜನ ತಲೆದೂಗಿದರು. ಇನ್ನು ಸ್ವಲ್ಪ ಹೊತ್ತು ಹೀಗೇ ಹೋಗಿದ್ದರೆ ನನ್ನ ಸಿಟ್ಟು ಇಳಿದೇ ಹೋಗುತ್ತಿತ್ತೋ ಏನೋ. ಆದರೆ ಮಾವನಿಗೆ ತಡೆಯಲಾಗಲಿಲ್ಲ, ತಡೆಯಲಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಪುತ್ತಿಗೆಯವರು ಕೂತ ಕಡೆ ಒಮ್ಮೆ ನೋಡಿ, ಎಲೈ ದೂತನೇ, ನಿನ್ನೊಡೆಯ ನಿನ್ನ ತಲೆಯೊಳಗೆ ಬುದ್ಧಿಯನ್ನು ತುಂಬಿ ಕಳುಹಿಸಿದನೋ, ಇಟ್ಟಿಗೆಯನ್ನು ತುಂಬಿ ಕಳುಹಿಸಿದನೋ ಎಂದು ಕೇಳಿದರು. ಎರಡು ಜೀಪಿನ ಜನವೂ ನಕ್ಕಿತು. ಮಗಳು ತಲೆ ತಗ್ಗಿಸಿದ್ದು ಕಾಣಿಸಿತು.

ನಾನು ಕೈಮುಗಿದೆ. ಇಟ್ಟಿಗೆಯ ಮಾತನ್ನು ಪ್ರಭುಗಳೇ ಎತ್ತಿದ್ದು ನನ್ನ ಭಾಗ್ಯ, ನಾನು ಬಂದದ್ದೇ ಆ ವಿಚಾರಕ್ಕೆ ಎಂದೆ. ತಮ್ಮ ಕೋಟೆಯ ಗೋಡೆಯಲ್ಲಿ ಒಂದು ಇಟ್ಟಿಗೆ ಅಳುತ್ತಿದೆ. ಕಾರಣ ಕೇಳಿದೆ. ಅದಕ್ಕೆ ಗೋಡೆ ಕಂಡರೆ ಭಯವಂತೆ.

ಮಾವ ನಕ್ಕರು. ಇದು ಅವರಿಗೆ ನೀರು ಕುಡಿದಷ್ಟು ಸುಲಭ. ಇಟ್ಟಿಗೆಯೆಂದರೆ ಪ್ರಜೆ, ಗೋಡೆಯೆಂದರೆ ರಾಜ್ಯ, ರಾಜ್ಯಕ್ಕೆ ಹೆದರುವ ಪ್ರಜೆ ಅಪರಾಧಿಯೇ ಆಗಿರಬೇಕು ಎಂದು ಸೊಗಸಾಗಿ ಬೆಳೆಸಿದರು. ಚಪ್ಪಾಳೆ ಬಿತ್ತು.

ಸತ್ಯ ಎಂದೆ ನಾನು. ಪ್ರಭುಗಳು ಹೀಗೆಯೇ ಹೇಳುವರೆಂದು ಗೊತ್ತಿದ್ದುದರಿಂದ ಬರುವಾಗಲೇ ಇದನ್ನು ಇಟ್ಟಿಗೆಗೆ ತಿಳಿಸಿ ಬಂದೆ. ಅದು ಅಪರಾಧವನ್ನು ಒಪ್ಪಿಕೊಂಡಿತು. ಏನು ಅಪರಾಧ ಎಂದು ಕೇಳಿದೆ. ಮಂಗಳವಾರ ಎಂದಿತು.

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ನಕ್ಕು ನಿಲ್ಲಿಸಿದರು. ಮಾವನ ಹುಬ್ಬು ಸ್ವಲ್ಪ ಮೇಲೆ ಹೋಯಿತು. ಆದರೆ ಅವರು ಅರ್ಥ ಹುಟ್ಟಿಸಬಲ್ಲವರಲ್ಲವೇ, ಹುಟ್ಟಿಸಿದರು. ಮಂಗಳನೆಂದರೆ ಭೂಮಿಪುತ್ರ, ಇಟ್ಟಿಗೆಯೂ ಮಣ್ಣಿನ ಮಗ, ತನ್ನ ಹುಟ್ಟೇ ತನ್ನ ಅಪರಾಧವೆಂದು ಅದು ಮರುಗಿದೆ ಎಂದರು. ನಿಜ ಹೇಳುತ್ತೇನೆ, ಅದ್ಭುತವಾಗಿತ್ತು. ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು.

ನಾನು ಚಪ್ಪಾಳೆ ಪೂರ್ತಿ ಮುಗಿಯಲು ಬಿಟ್ಟೆ. ಈ ಅರ್ಥವನ್ನೂ ಇಟ್ಟಿಗೆಗೆ ಮೊದಲೇ ಹೇಳಿದ್ದೆ ಪ್ರಭೂ, ಅದು ಕ್ಷಮೆ ಕೇಳಿತು. ಬುಧವಾರ ಎಂದು ಹೇಳಲು ಹೊರಟಿತ್ತಂತೆ, ಬಾಯಿ ತಪ್ಪಿತಂತೆ ಎಂದೆ.

ಈ ಸಲ ಮಂದಿರ ನಕ್ಕಿತು. ಹೆಂಗಸರ ಕಡೆಯಿಂದ ಸುರುವಾಗಿ ಶಾಮಿಯಾನದವರೆಗೆ ಹೋಯಿತು. ನನ್ನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮಾವ ಬುಧನನ್ನು ಹಿಡಿದು ಬುದ್ಧಿಯ ಕಡೆಗೆ ಹೊರಟರು, ಆದರೆ ದಾರಿಯಲ್ಲಿ ಒಮ್ಮೆ ತಡವರಿಸಿದರು. ಅವರು ಮುಗಿಸಿದ ಮೇಲೆ, ಇದರಿಂದ ಇಟ್ಟಿಗೆಗೆ ಬಹಳ ಸಂತೋಷವಾಗಿದೆ, ಇದು ಯಾವ ಪ್ರಶ್ನೆಯ ಉತ್ತರ ಎಂದು ಕೇಳಿಕೊಂಡು ಬರಲು ಹೇಳಿದೆ ಎಂದೆ. ಮಾವ ಭಾಗವತರ ಕಡೆ ನೋಡಿದರು. ಅರ್ಥ ಹೇಳುವವನು ಸಿಕ್ಕಿಕೊಂಡರೆ ಮುಂದಿನ ಪದ ಎತ್ತಿ ಬಿಡಿಸುವುದು ಭಾಗವತರ ಕೈಯಲ್ಲಿ ಉಂಟು. ಭಾಗವತರು ಕನ್ನಡಕ ತೆಗೆದು ಶಾಲಿನ ತುದಿಯಲ್ಲಿ ಒರೆಸತೊಡಗಿದರು. ಎಷ್ಟು ಒರೆಸಿದರೂ ಅದು ಸ್ವಚ್ಛವಾಗಲಿಲ್ಲ.

ಆಗ ನಾನು ಕೊನೆಯದನ್ನು ಇಟ್ಟೆ. ಪ್ರಭೂ, ಈಗ ಇಟ್ಟಿಗೆಗೆ ಗೋಡೆಯ ಭಯ ಹೋಗಿದೆ, ತಾನೇ ಗೋಡೆಯಾದ ಮೇಲೆ ಅದಕ್ಕೆ ಗೋಡೆ ಕಾಣಿಸುವುದಿಲ್ಲ. ಕಾಣಿಸುವುದು ಬಯಲು. ಈಗ ಬಯಲಿನ ಭಯ. ಸಂಧಾನಕ್ಕೆ ನಮ್ಮ ಪಕ್ಷದ ಷರತ್ತು ಒಂದೇ, ತಾವು ಆ ಬಯಲನ್ನು ಅಲ್ಲಿಂದ ತೆಗೆಸಿ ಬೇರೆ ಕಡೆ ಇಡಿಸಬೇಕು.

ಮಂದಿರದಲ್ಲಿ ನಗು ಏಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಏಳುತ್ತಿತ್ತು. ಅದರ ನಡುವೆ ಮಾವ ಸುಮ್ಮನೆ ಕೂತಿದ್ದರು. ತಾಳಮದ್ದಳೆಯಲ್ಲಿ ಮೈಕಿನ ಎದುರಿನ ಮೌನ ಬಹಳ ಉದ್ದ. ಆಮೇಲೆ ಮಾವ ಅರಸನ ಪಾತ್ರವನ್ನು ಬಿಟ್ಟು, ಪುರಾಣದ ಕನ್ನಡವನ್ನು ಬಿಟ್ಟು, ಮನೆಯಲ್ಲಿ ಮಾತಾಡುವ ತುಳುವಿನಲ್ಲಿ, ಮೈಕಿಗೆ ಬಾಯಿ ಕೊಟ್ಟುಕೊಂಡೇ ಕೇಳಿದರು. ಅದನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ:

"ಆ ದಿನ ಟಿವಿ ಬಂದ್ ಮಾಡಿದ್ದಕ್ಕಾ ಇದೆಲ್ಲ, ಮಾರಾಯ್ತಿ?"

ಇಡೀ ಸಭೆಗೆ ಕೇಳಿಸಿತು. ಪುತ್ತಿಗೆಯವರಿಗೆ ಅರ್ಥವಾಯಿತು, ಉಳಿದವರಿಗೆ ಅವರು ಪಿಸುಗುಟ್ಟಿ ಹೇಳಿದರು. ಅಷ್ಟು ಹೊತ್ತು ನಾನು ಆಟ ಆಡುತ್ತಿದ್ದೆ, ಅವರ ಆ ಮಾತಿಗೆ ಆಟ ಮುಗಿಯಿತು. ಮಾವ ಮರೆತಿದ್ದಾರೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ದೊಡ್ಡವರು, ತಮಾಷೆಗೆ ಮಾಡಿದ್ದು, ಅವರಿಗೆ ನೆನಪೂ ಇರಲಿಕ್ಕಿಲ್ಲ ಎಂದು ಅಮ್ಮ ಹೇಳಿ ಹೇಳಿ ನಂಬಿಸಿದ್ದರು. ಅವರಿಗೆ ಯಾವ ದಿನ ಎನ್ನುವುದೂ ಗೊತ್ತಿತ್ತು. ಎಲ್ಲಿ ನೋವಾಯಿತು ಎನ್ನುವುದು ಗೊತ್ತಿದ್ದೇ ಮದುವೆಯ ಹಾಲಿನಲ್ಲಿ ಹೇಳಿದ್ದು, ಗೊತ್ತಿದ್ದೇ ನನ್ನ ಮಗಳ ಮೇಲೆ ಹಾಕಿದ್ದು.

ನಾನು ಬೇಕಾದರೆ ಅಲ್ಲಿ ಕೈಚಾಚಿ ಅವರನ್ನು ಎತ್ತಬಹುದಿತ್ತು. ಪ್ರಭುಗಳು ಪರಿಹಾಸ ಮಾಡುತ್ತಿದ್ದಾರೆ ಎಂದು ಒಂದು ಮಾತು ಹೇಳಿದ್ದರೆ ಅವರಿಗೆ ಪಾತ್ರದೊಳಗೆ ವಾಪಸು ಬರಲು ದಾರಿ ಆಗುತ್ತಿತ್ತು. ನಾನು ಬೆನ್ನು ನೆಟ್ಟಗೆ ಮಾಡಿ, ದೂತನ ಸ್ವರದಲ್ಲಿ ಹೇಳಿದೆ:

"ಮಹಾಪ್ರಭುಗಳು ಯಾರೊಡನೆ ಮಾತಾಡುತ್ತಿದ್ದಾರೆ, ಈ ದೂತನಿಗೆ ತಿಳಿಯದು."

ಭಾಗವತರು ಕನ್ನಡಕ ಹಾಕಿ ಪ್ರಸಂಗ ಮುಗಿಸುವ ಮಂಗಳದ ಪದ ಎತ್ತಿದರು. ಮಾವ ಶಾಲು ಸುತ್ತಿಕೊಂಡು, ಊಟಕ್ಕೆ ನಿಲ್ಲದೆ ಹೊರಟುಹೋದರು. ಅಮ್ಮ ನನ್ನ ಹತ್ತಿರ ಬರಲಿಲ್ಲ. ಮಗಳು ಬಂದಳು. ಬೆಳ್ತಂಗಡಿಯವರೆಗೆ ಬಸ್ಸಿನಲ್ಲಿ ಮಂಗಳವಾರ ಎಂದು ತನ್ನಷ್ಟಕ್ಕೆ ಹೇಳಿಕೊಂಡು ನಗುತ್ತಿದ್ದಳು. ರಾತ್ರಿ ಊಟಕ್ಕೆ ಕೂತಾಗ ಕೊಡೆಯ ವರದಿ ಬಂತು. ಅನ್ನ ಮೂಗಿಗೆ ಹತ್ತಿತು. ನಾನು ಅವಳ ಬೆನ್ನು ತಟ್ಟಿ, ಎದ್ದು ಒಳಗೆ ಹೋಗಿ ಸ್ವಲ್ಪ ಅತ್ತೆ.

ಆ ಮಾತಿನ ವೀಡಿಯೊ ತುಂಡು ಯಾರದೋ ಮೊಬೈಲಿನಿಂದ ಹೊರಟು ವಾಟ್ಸಾಪಿನಲ್ಲಿ ಬಂಟ್ವಾಳ, ಮೂಡಬಿದ್ರಿ ಎಲ್ಲ ತಿರುಗಿತು. ಬಿ.ಸಿ.ರೋಡಿನಲ್ಲಿ ಮಾವನ ಅಂಗಡಿಗೆ ಬಂದವರು, ಅರಸರೇ, ಬುಧವಾರ ಅಂಗಡಿ ಉಂಟಾ ಎಂದು ಕೇಳುತ್ತಾರಂತೆ. ಆಟೋ ಸ್ಟ್ಯಾಂಡಿನವರು ಅವರಿಗೆ ಇಟ್ಟಿಗೆ ಎಂದು ಹೆಸರಿಟ್ಟಿದ್ದಾರಂತೆ. ಎದುರಿಗೆ ಹೇಳುವುದಿಲ್ಲ, ಸ್ಕೂಟರು ದಾಟಿದ ಮೇಲೆ ಹೇಳುತ್ತಾರೆ, ಅವರಿಗೆ ಕೇಳಿಸುವಷ್ಟು ಜೋರಾಗಿ. ಮಾವ ತಾಳಮದ್ದಳೆಯ ಕರೆಗಳಿಗೆ ಮೈ ಸರಿ ಇಲ್ಲ ಎನ್ನತೊಡಗಿದ್ದಾರೆ ಎಂದು ಭಾಗವತರು ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಸಂತೋಷ ಇರಲಿಲ್ಲ. ನನಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ತಿಂಗಳು ನನಗೆ ಊಟ ರುಚಿಸಿತು, ನಿದ್ದೆ ಬಂತು, ಲ್ಯಾಬಿನಲ್ಲಿ ಒಂದೇ ಸಲಕ್ಕೆ ಎಲ್ಲರ ನರ ಸಿಕ್ಕಿತು.

ಅಮ್ಮ ಮಾತು ಬಿಟ್ಟಿದ್ದರು. ಹೊಸಕ್ಕಿ ಊಟಕ್ಕೆ ಮಾತ್ರ ಕರೆಯದೆ ಇರಲಾಗಲಿಲ್ಲ. ಪುತ್ತಿಗೆಯ ಮನೆಯಲ್ಲಿ ಎಲ್ಲರೂ ಇದ್ದರು. ಮಾವ ತಮ್ಮ ಕುರ್ಚಿಯಲ್ಲಿಯೇ ಕೂತಿದ್ದರು, ಆದರೆ ಯಾರನ್ನೂ ಏನೂ ಕೇಳಲಿಲ್ಲ. ಮಗಳು ನಡುಮನೆಯಲ್ಲಿ ನಿಂತು, ಎಡಗಾಲಿನ ಚಪ್ಪಲಿ ಡಾಕ್ಟರಿಗೆ ಬಲಗಾಲಿನದ್ದರಿಂದ ಕಾಗದ ಬಂದ ಕಥೆಯನ್ನು ಪೂರ್ತಿ ಹೇಳಿದಳು. ಕೈಕಾಲು ಬೀಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ. ಮಕ್ಕಳು ನಕ್ಕರು, ದೊಡ್ಡವರೂ ನಕ್ಕರು. ಮಾವ ನೆಲ ನೋಡುತ್ತಿದ್ದರು. ನಾನು ಬಾಗಿಲಿಗೆ ಒರಗಿ ನಿಂತು ನೋಡಿದೆ. ಇದಕ್ಕಾಗಿಯೇ ಮಾಡಿದ್ದು, ಇಷ್ಟು ಸಾಕು ಎಂದು ನನಗೆ ಆ ಹೊತ್ತಿಗೆ ಅನಿಸಿತು.

ಊಟಕ್ಕೆ ಎಲೆ ಹಾಕಿದರು. ನೀರು ಕೊಡುವ ಕೆಲಸ ಮಕ್ಕಳದ್ದು. ಮಗಳು ಲೋಟ ಹಿಡಿದು ಸಾಲಿನ ಉದ್ದಕ್ಕೂ ಬಂದು ಮಾವನ ಎಲೆಯ ಮುಂದೆ ನಿಂತಳು. ಒಮ್ಮೆ ಹಿಂದೆ ತಿರುಗಿ ಉಳಿದ ಮಕ್ಕಳು ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡಳು.

"ಇಟ್ಟಿಗೆ ಅಜ್ಜ, ನೀರು."

ಮಕ್ಕಳ ಸಾಲು ಪೂರ್ತಿ ನಕ್ಕಿತು. ದೊಡ್ಡವರು ಯಾರೂ ನಗಲಿಲ್ಲ. ಹೇಳಿದ್ದು ನನ್ನ ಮಗಳ ಬಾಯಿ, ಆದರೆ ಕಾಯುವ ರೀತಿ, ತಿರುಗಿ ಸಭೆಯನ್ನು ನೋಡುವ ರೀತಿ, ಎಲ್ಲಿ ತಾಗುತ್ತದೆ ಎಂದು ಗೊತ್ತಿದ್ದು ಮೆತ್ತಗೆ ಇಡುವ ರೀತಿ ಮಾವನದ್ದೇ. ನಾನು ಅವಳಿಗೆ ಇಟ್ಟಿಗೆಯ ಮೂಲಕ ಹೆದರದೆ ನಗುವುದನ್ನು ಕಲಿಸಿದ್ದೇನೆ ಎಂದುಕೊಂಡಿದ್ದೆ. ಅವಳು ಮುಂದಿನ ಸಾಲಿನಲ್ಲಿ ಕೂತು ನನ್ನಿಂದ ಬೇರೆಯೇ ಪಾಠ ಕಲಿತಿದ್ದಳು.

ಮಾವ ಲೋಟ ಮುಟ್ಟದೆ ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಏನಾದರೂ ಹೇಳುತ್ತೀಯಾ ಎಂದು ಕೇಳುವ ಹಾಗೆ. ಅಮ್ಮ ಸಾರಿನ ಸೌಟು ಹಿಡಿದವರು ಹಾಗೇ ನಿಂತು, ಅವಳಿಗೆ ಹೇಳು ಎಂದರು ನನಗೆ, ತುಂಬ ಮೆಲ್ಲಗೆ. ಏನು ಹೇಳಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ಕರೆಯಬೇಡ, ಅಷ್ಟೇ. ನನಗೆ ಒಂಬತ್ತು ವರ್ಷ ಇರುವಾಗ ಯಾರಾದರೂ ಒಬ್ಬರು ಹೇಳಲಿ ಎಂದು ಕಾದ ಮಾತೇ ಅದು.

"ತಕ್ಕೊಳ್ಳಿ ಮಾವ," ಎಂದೆ ನಾನು.

ಮಾವ ಲೋಟ ತೆಗೆದುಕೊಂಡು ಕುಡಿದರು. ಅದು ಖಾಲಿಯಾಗುವುದನ್ನೇ ಕಾಯುತ್ತಿದ್ದ ಮಗಳು, ಉಳಿದ ಮಕ್ಕಳ ಕಡೆ ಕಣ್ಣು ಮಿಟುಕಿಸಿ, ಅವರಿಗೆ ಇನ್ನೊಂದು ಲೋಟ ತರಲು ಒಳಗೆ ಓಡಿದಳು.